30 ಪೌಂಡ್ ರಿಕರ್ವ್ ಬಿಲ್ಲಿಗೆ ಯಾವ ಬಾಣ: ಕಾರ್ಬನ್ನೋ, ಬಿದಿರೋ?

ಧಾರವಾಡದ ಹೊಸಬ

ಕಟ್ಟಿಗೆಯ ಹಿಡಿಕೆಯಿರುವ, ಬಿಚ್ಚಿ ಜೋಡಿಸುವ 62 ಇಂಚಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲೊಂದನ್ನು ಕೊಂಡಿದ್ದೇನೆ. ಲಿಂಬ್ (ಬಿಲ್ಲಿನ ಬಾಗುವ ತೋಳು) ಮೇಲೆ 28 ಇಂಚಿಗೆ 30 ಪೌಂಡ್ ಎಂದು ಬರೆದಿದೆ. ನನ್ನ ಸೆಳೆತ 26 ಇಂಚಿಗೇ ಮುಗಿಯುತ್ತದೆ. ಬಾಣಕ್ಕೆ ಆಸರೆಯಾಗುವ ರೆಸ್ಟ್ ಹಾಕಿಲ್ಲ, ಬಾಣವನ್ನು ಹಿಡಿಕೆಯ ಮೇಲೆ ಕೊರೆದ ಶೆಲ್ಫ್ ಮೇಲೆಯೇ ಇಟ್ಟು ಬಲಗೈಯಿಂದ ಹೆದೆ ಎಳೆಯುತ್ತೇನೆ. ಅಂಗಡಿಯವರು ಕೊಟ್ಟ 400 ಸ್ಪೈನ್‌ನ (ಬಾಣ ಎಷ್ಟು ಗಡಸು ಎಂಬುದರ ಅಳತೆ), ಹಿಂತುದಿಗೆ ಪ್ಲಾಸ್ಟಿಕ್ ವೇನ್ (ರೆಕ್ಕೆ) ಅಂಟಿಸಿದ ಕಾರ್ಬನ್ ಬಾಣಗಳು ಬಿಲ್ಲಿನ ಪಕ್ಕಕ್ಕೆ ಟಕ್ಕೆಂದು ಬಡಿದು, ಸಮೀಪದ ಗುರಿಗೂ ಎಡಕ್ಕೇ ಬೀಳುತ್ತಿವೆ. ಮತ್ತೆ ದುಡ್ಡು ಹಾಕುವ ಮೊದಲು ತಿಳಿದವರ ಮಾತು ಕೇಳಬೇಕೆಂದಿದ್ದೇನೆ.

ಬೆಟಗೇರಿ ಬಿಲ್ಲುಗಾರ

ನಿಮ್ಮ ಬೆರಳಿಗೆ ಬರುವ ಭಾರ 30 ಪೌಂಡ್ ಅಲ್ಲ. ಇಂಚಿಗೆ ಸುಮಾರು 2 ಪೌಂಡ್ ಕಡಿಮೆಯಾಗುವುದರಿಂದ ಅದು 26ರ ಆಸುಪಾಸಿಗೆ ನಿಲ್ಲುತ್ತದೆ. 400 ಸ್ಪೈನ್ ಬಾಣ 50 ಪೌಂಡಿನ ಸಮೀಪದ ಬಿಲ್ಲಿಗೆ ಒಪ್ಪುವಂಥದ್ದು. ನಿಮ್ಮ ಬಿಲ್ಲು ಅದನ್ನು ಬಾಗಿಸಲಾರದು. ಬಾಣ ಹಿಡಿಕೆಯನ್ನು ಸುತ್ತಿಕೊಂಡು ಹೋಗಬೇಕಾದರೆ ಮೊದಲು ಬಾಗಬೇಕು. ಬಾಗದ ಬಾಣ ಬಲಗೈಯವರಿಗೆ ಎಡಕ್ಕೇ ಹೋಗುತ್ತದೆ. ಕಾರ್ಬನ್‌ನಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಬಾಣ ಮೆದು, ಆದ್ದರಿಂದ 800ರ ಸುತ್ತಮುತ್ತಲಿನದನ್ನು ಪೂರ್ತಿ ಉದ್ದದಲ್ಲಿಯೇ ಕೊಳ್ಳಿ, ಕತ್ತರಿಸಬೇಡಿ. ಉದ್ದವಿದ್ದರೆ ಮೆದುವಾಗಿ ವರ್ತಿಸುತ್ತದೆ, ಭಾರದ ಮೊನೆ ಹಾಕಿದರೆ ಇನ್ನೂ ಮೆದು. ಶೆಲ್ಫ್ ಮೇಲಿಂದ ಬಿಡುವವರಿಗೆ ವೇನ್ ಬೇಡ, ಹಕ್ಕಿಯ ಗರಿಯೇ ಬೇಕು, ಏಕೆಂದರೆ ಗರಿ ಒತ್ತಿಕೊಂಡು ದಾಟಿ ಹೋಗುತ್ತದೆ, ಪ್ಲಾಸ್ಟಿಕ್ ತಗುಲಿ ಜಿಗಿಯುತ್ತದೆ. ಕಾರ್ಬನ್ ಆದರೆ ಡಜನ್ ಬಾಣಗಳೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ, ಚಿಂತೆಯಿಲ್ಲ.

ಹಾನಗಲ್ಲ ಕಾಕಾ

"ಚಿಂತೆಯಿಲ್ಲ" ಎಂದು ಹೇಗೆ ಬರೆದಿರಿ? ಕಲ್ಲಿಗೆ ತಾಗಿ ಒಳಗೆ ಸೀಳಿದ ಕಾರ್ಬನ್ ಬಾಣ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ, ಮುಂದಿನ ಸಲ ಬಿಟ್ಟಾಗ ಚೂರಾಗಿ ಬಿಲ್ಲು ಹಿಡಿದ ಕೈಗೇ ಹೊಕ್ಕಬಹುದು. ಪ್ರತಿ ಬಾಣವನ್ನೂ ಬಾಗಿಸಿ, ಕಿವಿಯ ಹತ್ತಿರ ಹಿಡಿದು, ಚಿಟಚಿಟ ಸದ್ದು ಬರುತ್ತದೆಯೇ ಎಂದು ನೋಡಬೇಕೆಂಬ ಮಾತನ್ನು ಹೊಸಬರಿಗೆ ಮೊದಲೇ ಹೇಳಬೇಕಿತ್ತು. ಕಟ್ಟಿಗೆಯ ಬಿಲ್ಲಿಗೆ ಬಿದಿರಿನ ಬಾಣವೇ ತಕ್ಕದ್ದು. ನಮ್ಮ ದೇಶದ ಬಿಲ್ಲುಗಾರರಾದ ಲಿಂಬಾ ರಾಮ್, ದೀಪಿಕಾ ಕುಮಾರಿ ಇಬ್ಬರೂ ಬಿದಿರು ಹಿಡಿದೇ ಕಲಿತವರು.

ವಿದ್ಯಾನಗರ ಎಂಜಿನಿಯರ್

ಲಿಂಬಾ ರಾಮ್ ಅವರ ಹೆಸರನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಅವರು 1988, 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದ್ದು ಬಿದಿರಿನ ಬಾಣಗಳಿಂದಲ್ಲ. ಬಿದಿರಿನಲ್ಲಿ ಪ್ರತಿ ಕೋಲೂ ಬೇರೆ. ಗೆಣ್ಣು ಒಂದೊಂದರಲ್ಲಿ ಒಂದೊಂದು ಕಡೆ, ದಪ್ಪ ಬುಡದಲ್ಲಿ ಒಂದು, ತುದಿಯಲ್ಲಿ ಇನ್ನೊಂದು. ಮೇಲಾಗಿ ಧಾರವಾಡದ ಮಳೆಗಾಲದ ತೇವಕ್ಕೆ ಸೊಟ್ಟಗಾಗದ ಕೋಲನ್ನು ನಾನು ಕಂಡಿಲ್ಲ.

ಹಾನಗಲ್ಲ ಕಾಕಾ

"ಪ್ರತಿ ಕೋಲೂ ಬೇರೆ" ಎಂಬುದಕ್ಕಾಗಿಯೇ ಆರಿಸುವ ಕೆಲಸ ಇರುವುದು. ಕಳಘಟಗಿ ಕಡೆಯ ಗಟ್ಟಿ ಬಿದಿರಿನ ಕೋಲುಗಳನ್ನು ಮಳೆ ಮುಗಿದ ಮೇಲೆ ಕಡಿಸಿ, ಕುಟ್ಟೆ ಹಿಡಿಯದಂತೆ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಆಮೇಲೆ ಗೆಣ್ಣನ್ನು ಕೆಂಡದ ಮೇಲೆ ತಿರುಗಿಸುತ್ತ ಕಾಯಿಸಿ, ಬಿಸಿಯಿರುವಾಗಲೇ ಬೆರಳಿನಿಂದ ಒತ್ತಿ ಹಿಡಿದು, ಆರುವವರೆಗೆ ಬಿಡಬಾರದು. ಒಂದು ಕಣ್ಣು ಮುಚ್ಚಿ ಕೋಲಿನ ಉದ್ದಕ್ಕೂ ನೋಡಿದರೆ ಯಾವ ಗೆಣ್ಣು ಇನ್ನೂ ಎಳೆಯುತ್ತಿದೆ ಎಂಬುದು ತಿಳಿಯುತ್ತದೆ. ಗೋಡೆಗೆ 26 ಇಂಚು ಅಂತರದಲ್ಲಿ ಎರಡು ಮೊಳೆ ಹೊಡೆದು, ಕೋಲನ್ನು ಅವುಗಳ ಮೇಲಿಟ್ಟು, ನಡುವೆ 2 ಪೌಂಡ್, ಅಂದರೆ 907 ಗ್ರಾಂ ತೂಗುಹಾಕಿ, ಎಷ್ಟು ಇಂಚು ಬಾಗಿತೆಂದು ಅಳೆಯಿರಿ. 26ನ್ನು ಆ ಬಾಗಿನಿಂದ ಭಾಗಿಸಿದರೆ ಪೌಂಡಿನಲ್ಲಿ ಸ್ಪೈನ್ ಬರುತ್ತದೆ. 22 ಮಿಲಿಮೀಟರ್ ಬಾಗಿದ ಕೋಲು 30 ಪೌಂಡಿನದು. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ಒಂದೇ ಭಾರದವನ್ನು ಜೊತೆಮಾಡಿ, ಮೇಲೆ ವಾರ್ನಿಷ್ ಕೊಡಿ. ಆಗ ತೇವ ಅಷ್ಟು ಸುಲಭವಾಗಿ ಒಳಹೋಗುವುದಿಲ್ಲ.

ವಿದ್ಯಾನಗರ ಎಂಜಿನಿಯರ್

26 ಇಂಚು ಎಂಬ ಅಂತರವೇ ತಪ್ಪು. ಸ್ಪೈನ್ ಅಳೆಯುವುದು 28 ಇಂಚಿನ ಅಂತರದಲ್ಲಿ, 880 ಗ್ರಾಂ ಭಾರದಿಂದ. 500 ಸ್ಪೈನ್ ಎಂದರೆ ಅರ್ಧ ಇಂಚು ಬಾಗು. ಮೊಳೆಗಳನ್ನು ಎಲ್ಲಿ ಬೇಕೆಂದಲ್ಲಿ ಹೊಡೆದು ಬರುವ ಸಂಖ್ಯೆಯಿಂದ ಹೊಸಬರು ಬಾಣ ಆರಿಸಬೇಕೆ?

ಹಾನಗಲ್ಲ ಕಾಕಾ

ತಮ್ಮಾ, ನೀನು ಹೇಳುವುದು ಕಾರ್ಬನ್‌ನ ಅಳತೆ, ನಾನು ಹೇಳಿದ್ದು ಕಟ್ಟಿಗೆಯ ಬಾಣಗಳ ಅಳತೆ. ಎರಡೂ ಬಹಳ ಕಾಲದಿಂದ ಬಳಕೆಯಲ್ಲಿವೆ. ಒಂದನ್ನು ಮಾತ್ರ ಓದಿಕೊಂಡು ಇನ್ನೊಂದನ್ನು ತಪ್ಪೆನ್ನುವುದು ಎಂಜಿನಿಯರರಿಗೆ ಶೋಭೆಯಲ್ಲ.

ವಿದ್ಯಾನಗರ ಎಂಜಿನಿಯರ್

ವಯಸ್ಸನ್ನು ಮುಂದೆ ಮಾಡಬೇಡಿ, ಕಾಕಾ. ಲೆಕ್ಕ ಮಾಡಿ: ಅಂತರ ಮತ್ತು ಭಾರ ಎರಡನ್ನೂ ಹಿಡಿದರೆ ನಿಮ್ಮ ಮೊಳೆಗಳ ಬಾಗು ಕಾರ್ಖಾನೆಯ ಬಾಗಿನ 0.825ರಷ್ಟು ಮಾತ್ರ. ಹಾಗಾದರೆ ನಿಮ್ಮ 30 ಪೌಂಡಿನ ಕೋಲು ಕಾರ್ಬನ್ ಲೆಕ್ಕದಲ್ಲಿ 1050ರ ಸಮೀಪದ್ದು. ಬೆಟಗೇರಿಯವರು ಹೇಳಿದ 800ಕ್ಕೂ ಅದಕ್ಕೂ ಎಲ್ಲಿಯ ಹೊಂದಾಣಿಕೆ?

ಬೆಟಗೇರಿ ಬಿಲ್ಲುಗಾರ

ನನ್ನ ಹೆಸರನ್ನು ಈ ಜಗಳಕ್ಕೆ ಎಳೆಯಬೇಡಿ. ನಾನು "800ರ ಸುತ್ತಮುತ್ತ" ಎಂದೆ, ಪೂರ್ತಿ ಉದ್ದದಲ್ಲಿ ಎಂದೂ ಹೇಳಿದೆ.

ಹಾನಗಲ್ಲ ಕಾಕಾ

1050 ಎಂದು ನೀವೇ ಒಪ್ಪಿದಿರಿ, ಅಂದರೆ ನನ್ನ ಮೊಳೆಗಳು ಸಂಖ್ಯೆ ಕೊಡುತ್ತವೆ ಎಂದಾಯಿತು. 26 ಪೌಂಡ್ ಎಳೆಯುವವರಿಗೆ ಆ ಮೆದು ಕೋಲು ಖಂಡಿತ ಒಪ್ಪುತ್ತದೆ. ನಮ್ಮ ದೇಶದ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬುದು ಬಿದಿರಿನ ಬಿಲ್ಲಿಗೆಂದೇ ಇದೆ. ಫೀಲ್ಡ್ (ಕಾಡುಮೇಡಿನಲ್ಲಿ ನಡೆಯುವ) ಮತ್ತು 3ಡಿ (ಪ್ರಾಣಿಯಾಕಾರದ ಗುರಿಯ) ಸ್ಪರ್ಧೆಗಳ ಲಾಂಗ್‌ಬೋ (ತುದಿ ಮುಂದಕ್ಕೆ ಬಾಗದ ನೀಳ ಬಿಲ್ಲು) ವಿಭಾಗದಲ್ಲಿ ವರ್ಲ್ಡ್ ಆರ್ಚರಿ ಸಂಸ್ಥೆಯೇ ಕಟ್ಟಿಗೆಯ ಬಾಣವನ್ನು ಕಡ್ಡಾಯ ಮಾಡಿದೆ. ಇವರೆಲ್ಲ ಅಳತೆಯಿಲ್ಲದೆ ಆಡುತ್ತಾರೆಯೇ?

ವಿದ್ಯಾನಗರ ಎಂಜಿನಿಯರ್

ಪ್ರಶ್ನೆ ಕೇಳಿದವರ ಕೈಯಲ್ಲಿರುವುದು ಲಾಂಗ್‌ಬೋ ಅಲ್ಲ, ರಿಕರ್ವ್.

ಹಾವೇರಿ ಕ್ರೀಡಾ ಶಿಕ್ಷಕಿ

ಮೊಳೆಯ ಮೇಲೆ ಮಲಗಿಸಿದ ಕೋಲು ತೋರಿಸುವ ಸ್ಪೈನ್ ಒಂದು, ಬಿಲ್ಲಿನಿಂದ ಹೊರಟಾಗ ಬಾಣ ನಡೆದುಕೊಳ್ಳುವ ರೀತಿ ಇನ್ನೊಂದು. ಮೊನೆಯ ಭಾರ, ಬಾಣದ ಉದ್ದ, ಶೆಲ್ಫ್ ಎಷ್ಟು ಒಳಕ್ಕೆ ಕೊರೆದಿದೆ ಎಂಬುದು, ಹೆದೆಯ ಎತ್ತರ, ಇವೆಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಆದ್ದರಿಂದ ಯಾವ ಸ್ಪೈನ್‌ನದೇ ಆಗಲಿ, ಮೊದಲು ಎರಡೋ ಮೂರೋ ಬಾಣ ಮಾತ್ರ ತನ್ನಿ. ಒಂದರ ಗರಿ ತೆಗೆದು, ಗರಿಯಿರುವವುಗಳ ಜೊತೆ ಒಂದೇ ಗುರಿಗೆ ಬಿಡಿ. ಬಲಗೈಯವರಿಗೆ ಗರಿಯಿಲ್ಲದ್ದು ಎಡಕ್ಕೆ ಬಿದ್ದರೆ ಬಾಣ ಗಡಸು, ಬಲಕ್ಕೆ ಬಿದ್ದರೆ ಮೆದು.

ಬೆಟಗೇರಿ ಬಿಲ್ಲುಗಾರ

ಅಕ್ಕನವರೇ, "ಗರಿ ತೆಗೆದು" ಬಿಡುವ ಪರೀಕ್ಷೆ ಹೊಸಬರಿಗೆ ಹೇಳುವಂಥದ್ದಲ್ಲ. ಹೆದೆ ಬಿಡುವ ಬೆರಳೇ ಇನ್ನೂ ಹದಕ್ಕೆ ಬಾರದಿರುವಾಗ ಗರಿಯಿಲ್ಲದ ಬಾಣ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತದೆ. ಅದನ್ನು ನಂಬಿ ಅವರು ಮೊನೆ ಬದಲಿಸುತ್ತಲೇ ಇರಬೇಕಾಗುತ್ತದೆ.

ಹಾವೇರಿ ಕ್ರೀಡಾ ಶಿಕ್ಷಕಿ

ಹಾಗಾದರೆ ಬೆರಳು ಹದಕ್ಕೆ ಬರುವವರೆಗೆ ಗುರಿಯ ಕಾಗದವನ್ನೇ ಹಚ್ಚಬೇಡಿ. ಮೂರು ಮಾರು ದೂರದ ಹುಲ್ಲಿನ ಪೆಂಡಿಗೆ ಬಿಡುತ್ತಿರಲಿ. ನಮ್ಮ ಮಕ್ಕಳಿಗೆ ನಾನು ಹೇಳಿಕೊಡುವುದು ಅದನ್ನೇ. ಹೆದೆ ಏರಿಸುವಾಗ ಸ್ಟ್ರಿಂಗರ್ (ಅದಕ್ಕೆಂದೇ ಇರುವ ಹಗ್ಗ) ಬಳಸಬೇಕು, ಬಾಣವಿಲ್ಲದೆ ಹೆದೆ ಬಿಡಲೇಬಾರದು, ಬಾಣ ತೀರ ಹಗುರವೂ ಇರಬಾರದು. ಪೌಂಡಿಗೆ 8ರಿಂದ 10 ಗ್ರೇನ್ (ಬಾಣ ತೂಗುವ ಚಿಕ್ಕ ಮಾನ) ಲೆಕ್ಕ ಹಿಡಿದರೆ ನಿಮ್ಮ 26 ಪೌಂಡಿನ ಸೆಳೆತಕ್ಕೆ 210ರಿಂದ 260 ಗ್ರೇನ್ ಬರುತ್ತದೆ, ಹೆಚ್ಚಿದ್ದರೆ ಬಿಲ್ಲಿಗೆ ಒಳ್ಳೆಯದೇ.

ಹಾನಗಲ್ಲ ಕಾಕಾ

"ಹೆಚ್ಚಿದ್ದರೆ ಒಳ್ಳೆಯದೇ" ಎಂದು ಅಕ್ಕನವರೂ ಹೇಳಿದರು. ಬಿದಿರಿನ ಬಾಣಕ್ಕೆ ಆ ಭಾರ ತಾನಾಗಿಯೇ ಬರುತ್ತದೆ.

ಧಾರವಾಡದ ಹೊಸಬ

ಎಲ್ಲರಿಗೂ ವಂದನೆಗಳು. 800 ಸ್ಪೈನ್‌ನ ಗರಿಯ ಬಾಣ ಎರಡನ್ನು ತರಿಸುತ್ತೇನೆ. ಕಾಕಾ ಅವರು ಒಪ್ಪಿದರೆ ಭಾನುವಾರ ಹಾನಗಲ್ಲಿಗೆ ಬಂದು ಎರಡು ಬಿದಿರಿನ ಬಾಣಗಳನ್ನೂ ಒಯ್ದು, ನಾಲ್ಕನ್ನೂ ಒಂದೇ ಪೆಂಡಿಗೆ ಬಿಟ್ಟು ನೋಡುತ್ತೇನೆ.

ಹಾನಗಲ್ಲ ಕಾಕಾ

ಅವಶ್ಯ ಬನ್ನಿ, ಬಿಲ್ಲನ್ನೂ ತನ್ನಿ. ಒಣಗಿದ ಕಟ್ಟು ಇದೆ, ಗೋಡೆಯ ಮೊಳೆಗಳೂ ಇವೆ.

ವಿದ್ಯಾನಗರ ಎಂಜಿನಿಯರ್

ಅದೇ ಗೋಡೆಗೆ 28 ಇಂಚಿನಲ್ಲಿಯೂ ಒಂದು ಮೊಳೆ ಹೊಡೆಯಲಿ, ಪ್ರತಿ ಕೋಲಿನ ಎರಡೂ ಬಾಗನ್ನು ಬರೆದು ಇಲ್ಲಿ ಹಾಕಲಿ. ಅಲ್ಲಿಯವರೆಗೆ ನಾನು ಒಪ್ಪುವುದಿಲ್ಲ.