ಮನೆಯ ಮೊದಲ ಸೌನಾ: ಕರೆಂಟಿನದೋ, ಸೌದೆಯದೋ?

ಎಸ್ಪೋ_ಸಾಗರದವ

ನಮಸ್ಕಾರ ಎಲ್ಲರಿಗೂ. ಏಳು ವರ್ಷ ಬಾಡಿಗೆ ಫ್ಲ್ಯಾಟಿನಲ್ಲಿದ್ದು, ಈಗ ಫಿನ್‌ಲ್ಯಾಂಡಿನ ಎಸ್ಪೋದಲ್ಲೇ ಸ್ವಂತ ಮನೆ ಕೊಂಡಿದ್ದೇವೆ. 1984ರಲ್ಲಿ ಕಟ್ಟಿದ ಮನೆ. ಫ್ಲ್ಯಾಟಿನಲ್ಲಿ ಎಲ್ಲರಿಗೂ ಸೇರಿ ಇದ್ದ ಸೌನಾದಲ್ಲಿ, ಅಂದರೆ ಬೆಂಚಿನ ಮೇಲೆ ಕೂತು ಮೈ ಬೆವರಿಸಿಕೊಳ್ಳುವ ಬಿಸಿ ಕೋಣೆಯಲ್ಲಿ, ಶುಕ್ರವಾರ ಸಂಜೆ 7ರಿಂದ 8 ನಮ್ಮ ಸರದಿ ಇತ್ತು. ಟವೆಲ್ಲು, ಬಕೆಟ್ಟು ಹಿಡಿದು ನಾಲ್ವರೂ ನೆಲಮಾಳಿಗೆಗೆ ಇಳಿಯುತ್ತಿದ್ದೆವು. ಆ ಒಂದು ಗಂಟೆಗೆ ಮಕ್ಕಳು ವಾರವೆಲ್ಲಾ ಕಾಯುತ್ತಿದ್ದರು.

ಈಗ ಮನೆಯೊಳಗೇ ಸೌನಾ ಇದೆ. ಆದರೆ ಕೂರುವ ಹಾಗಿಲ್ಲ. ಬೆಂಚಿನ ಪೈನ್ ಹಲಗೆ ಕಪ್ಪಾಗಿದೆ, ಬಿಸಿಯಾದಾಗ ಗಂಟುಗಳಿಂದ ಅಂಟು ಒಸರುತ್ತದೆ. ಒಲೆಯಲ್ಲಿರುವ ಕಲ್ಲು ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಎಲ್ಲಾ ಕಿತ್ತು ಹೊಸದಾಗಿ ಮಾಡಿಸಬೇಕು.

ಕೋಣೆಯ ಅಳತೆ 2 ಮೀಟರ್ × 1.8 ಮೀಟರ್. ಮರದ ಸೀಲಿಂಗು 2.1 ಮೀಟರ್ ಎತ್ತರದಲ್ಲಿದೆ. ಒಲೆಯ ಹಿಂದಿನ ಇಟ್ಟಿಗೆ ಗೋಡೆಗೆ ಸುಮಾರು 2 ಚದರ ಮೀಟರ್ ಟೈಲ್ಸ್ ಇದೆ. ಬಾಗಿಲು ಗಾಜಿನದೇ ಇರಲಿ ಎಂದು ನನ್ನ ಹೆಂಡತಿಯ ಆಸೆ. ಅಂಗಡಿಯವರು 6 ಕಿಲೋವ್ಯಾಟಿನ ಕರೆಂಟು ಒಲೆ ಸಾಕು ಅಂದರು. ಇನ್ನೊಬ್ಬ ಗೆಳೆಯ, ಒಳಗಿನದನ್ನು ಸ್ಟೋರ್ ರೂಮು ಮಾಡಿ ಅಂಗಳದಲ್ಲಿ ಸೌದೆ ಒಲೆಯ ಪೀಪಾಯಿ ಸೌನಾ ಇಡು ಅಂತಾನೆ. ಮತ್ತೊಬ್ಬರು ಒಲೆ, ಕಲ್ಲು ಇಲ್ಲದೆ ಕಿರಣದಿಂದಲೇ ಮೈ ಕಾಯಿಸುವ ಇನ್‌ಫ್ರಾರೆಡ್ ಪೆಟ್ಟಿಗೆ ಹಾಕಿಸಿ, ಕರೆಂಟು ಉಳಿಯುತ್ತೆ ಅನ್ನುತ್ತಾರೆ. ತಲೆ ಕೆಟ್ಟಿದೆ.

ಇನ್ನೊಂದು ವಿಷಯ. ದೀಪಾವಳಿಗೆ ಅಮ್ಮ ಬರುತ್ತಿದ್ದಾರೆ. ನಮ್ಮೂರ ಬಚ್ಚಲಿನಲ್ಲಿ ಅಡಿಕೆ ಸಿಪ್ಪೆ ಉರಿಸಿ ಹಂಡೆ ಕಾಯಿಸುತ್ತಿದ್ದೆವು. ನೀರು ತುಂಬುವ ಹಬ್ಬದ ಮಾರನೇ ದಿನ ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಆ ಹೊಗೆ, ಆ ಬಿಸಿಯ ನಡುವೆ ಕೂರುತ್ತಿದ್ದದ್ದು ಇನ್ನೂ ನೆನಪಿದೆ. ಸೌನಾದಲ್ಲಿ ಎಣ್ಣೆ ಹಚ್ಚಿಕೊಂಡು ಕೂರಬಹುದಾ? ಇಲ್ಲಿ ಯಾರನ್ನು ಕೇಳಬೇಕು ಎಂದೇ ತಿಳಿಯಲಿಲ್ಲ.

ಕುವೋಪಿಯೋ_ಕೆರೆದಂಡೆ

ಸೌದೆ ಒಲೆಯ ಪರವಾಗಿ ನನ್ನ ಎರಡು ಮಾತು. ನಮ್ಮ ಕೆರೆದಂಡೆಯ ಬೇಸಿಗೆ ಮನೆಯಲ್ಲಿ ಸೌದೆಯದೇ ಇದೆ. ಬರ್ಚ್ ಕಟ್ಟಿಗೆ ಹತ್ತಿಕೊಂಡಾಗಿನ ಚಟಪಟ ಸದ್ದು, ಒಲೆಬಾಯಿಯ ಕೆಂಪು ಬೆಳಕು, ಇವು ಯಾವ ಸ್ವಿಚ್ಚಿನಿಂದಲೂ ಬರುವುದಿಲ್ಲ. 2024ರ ಜನವರಿ 5ರ ಸಂಜೆ ನೆನಪಿದೆಯಾ? ಆವತ್ತು ಗಂಟೆಗಂಟೆಗೂ ಬದಲಾಗುವ ಸ್ಪಾಟ್ ದರದವರಿಗೆ ಒಂದು ಯೂನಿಟ್ ಕರೆಂಟು ತೆರಿಗೆ ಸೇರಿ 2 ಯೂರೋ ದಾಟಿತ್ತು. ದೇಶವೆಲ್ಲಾ ಸೌನಾ ಆರಿಸಿ ಕೂತಿದ್ದಾಗ ನಾವು ಕಟ್ಟಿಗೆ ಹಾಕಿ ಕಾಯಿಸಿಕೊಂಡೆವು.

ಆದರೆ ಕೆಲಸವೂ ಇದೆ. ಕಟ್ಟಿಗೆ ಸೀಳಿ ಗಾಳಿಯಾಡುವಲ್ಲಿ ಒಟ್ಟಬೇಕು, ಚೆನ್ನಾಗಿ ಒಣಗಬೇಕು. ಹಸಿ ಕಟ್ಟಿಗೆ ಹಾಕಿದರೆ ಹೊಗೆ ಜಾಸ್ತಿ, ಬಿಸಿ ಕಡಿಮೆ, ಚಿಮಣಿಯಲ್ಲಿ ಮಸಿ. ವಾಸದ ಮನೆಯಾದರೆ ಚಿಮಣಿ ಗುಡಿಸುವವರನ್ನು ವರ್ಷಕ್ಕೊಮ್ಮೆ ಕರೆಸಬೇಕು. ಅಕ್ಕಪಕ್ಕ ಮನೆ ಒತ್ತಾಗಿದ್ದರೆ ಹೊಗೆಯ ವಿಚಾರ ಮೊದಲೇ ಅವರ ಹತ್ತಿರ ಮಾತಾಡಿ. ಒಲೆ, ಚಿಮಣಿ ಇಡುವ ಮುಂಚೆ ಊರಿನ ಕಟ್ಟಡ ಇಲಾಖೆಯನ್ನೂ ಕೇಳಿ.

ತಾಂಪೆರೆ_ಶಿರಸಿಯವಳು

ನಿಮ್ಮ ಪ್ರಶ್ನೆ ಓದಿ ನಮ್ಮ ಮೊದಲ ಮನೆ ನೆನಪಾಯಿತು. ನಾನು ಫಿನ್‌ಲ್ಯಾಂಡಿಗೆ ಬಂದು ಹದಿನೆಂಟು ವರ್ಷವಾಯಿತು. ಎರಡು ಸೌನಾ ಮಾಡಿಸಿದ್ದೇನೆ. ಮೊದಲನೆಯದು ತಪ್ಪಾಯಿತು, ಎರಡನೆಯದು ಸರಿಯಾಯಿತು. ಆ ತಪ್ಪು ನಿಮಗೆ ಆಗದಿರಲಿ ಅಂತ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಎಲ್ಲರೂ ಒಲೆಯಿಂದ ಶುರು ಮಾಡುತ್ತಾರೆ. ಯಾವ ಕಂಪನಿಯದು, ಹಾರ್ವಿಯಾನೋ, ಹೆಲೋನೋ, ನಾರ್ವಿಯೋ ಅಂತ. ನಾನೂ ಹಾಗೇ ಮಾಡಿದ್ದೆ. ಮೊದಲು ನೋಡಬೇಕಾದದ್ದು ಬೆಂಚಿನ ಎತ್ತರ. ಇಲ್ಲಿನವರು ಲೊಯ್ಲಿನ ಕಾನೂನು ಅಂತ ಒಂದು ಮಾತು ಹೇಳುತ್ತಾರೆ: ಕೂತವರ ಪಾದ ಒಲೆಯ ಕಲ್ಲಿಗಿಂತ ಮೇಲಿರಬೇಕು. ಲೊಯ್ಲು ಅಂದರೆ ಕಾದ ಕಲ್ಲಿನ ಮೇಲೆ ನೀರು ಹಾಕಿದಾಗ ಏಳುವ ಆವಿ. ಅದು ನೇರ ಸೀಲಿಂಗಿಗೆ ಹೋಗಿ, ಅಲ್ಲಿಂದ ಮೆಲ್ಲಗೆ ಮೈಮೇಲೆ ಇಳಿಯುತ್ತದೆ. ಕೆಳಗೆ ಕೂತರೆ ತಲೆ ಕಾಯುತ್ತದೆ, ಕಾಲು ತಣ್ಣಗಿರುತ್ತದೆ. ನಮ್ಮ ಮೊದಲ ಸೌನಾದಲ್ಲಿ ನನ್ನ ಮಗಳು ಯಾವಾಗಲೂ ಕಾಲು ಮಡಚಿ ಬೆಂಚಿನ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಪಾದಕ್ಕೆ ಚಳಿ ಅನ್ನುತ್ತಿದ್ದಳು. ಒಳಗೆ 80 ಡಿಗ್ರಿ, ಪಾದಕ್ಕೆ ಚಳಿ! ಕಾರಣ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಮೇಲಿನ ಬೆಂಚಿನಿಂದ ಸೀಲಿಂಗಿಗೆ 1.1 ಮೀಟರ್ ಸುಮಾರು ಇರಲಿ. ನಿಮ್ಮ ಸೀಲಿಂಗು 2.1 ಅಂದರೆ ಕೂರುವ ಬೆಂಚು 1 ಮೀಟರಿಗೇ ಬರುತ್ತದೆ, ಕಾಲಿಡುವ ಬೆಂಚು ಇನ್ನೂ 40 ಸೆಂಟಿಮೀಟರ್ ಕೆಳಗೆ. ಒಲೆಯ ಕಲ್ಲು ಅದಕ್ಕಿಂತ ಮೇಲಾಗುತ್ತದೆ. ಆದರೆ ಆ ಕಾಲದ ಮನೆಗಳಲ್ಲಿ ಸೌನಾದ ಮರದ ಸೀಲಿಂಗನ್ನು ನಿಜವಾದ ಮಾಡಿಗಿಂತ ಕೆಳಗೆ ಇಳಿಸಿ ಕಟ್ಟಿರುವುದುಂಟು. ಮೂಲೆಯ ಒಂದು ಹಲಗೆ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ. 2.3 ಸಿಕ್ಕಿದರೆ ಬೇರೆ ಎಲ್ಲಾ ಸುಲಭ.

ಪೀಪಾಯಿ ಸೌನಾ ನನಗೆ ಒಪ್ಪಿಗೆಯಿಲ್ಲ. ನೋಡಲು ಚೆಂದ, ಬೇಗ ಬಿಸಿಯಾಗುತ್ತದೆ. ಆದರೆ ಗುಂಡಗಿರುವುದರಿಂದ ಹೆಚ್ಚಿನವುಗಳಲ್ಲಿ ಒಂದೇ ಬೆಂಚು, ಅದೂ ತಗ್ಗಿನಲ್ಲಿ. ಪಾದ ನೆಲದ ಹತ್ತಿರವೇ ಇರುತ್ತದೆ. ಅಂಗಳದಲ್ಲಿ ಬೇಕೇ ಬೇಕು ಅಂದರೆ ನೆಟ್ಟಗಿನ ಗೋಡೆಯ ಪುಟ್ಟ ಕೋಣೆ ಕಟ್ಟಿಸಿ.

ಇನ್ನು ಒಲೆಯ ಲೆಕ್ಕ. ಇಲ್ಲಿನವರು ಕಿಯುಅಸ್ ಅನ್ನುವ ಕಲ್ಲೊಲೆಗೆ ಒಂದು ಘನ ಮೀಟರಿಗೆ ಒಂದು ಕಿಲೋವ್ಯಾಟ್ ಅಂತ ಸುಮಾರು ಲೆಕ್ಕ ಹಿಡಿಯುತ್ತಾರೆ. ಅದರ ಜೊತೆ, ಶಾಖ ಹೀರುವ ಗಾಜು, ಟೈಲ್ಸ್, ಇಟ್ಟಿಗೆ ಪ್ರತಿ ಚದರ ಮೀಟರಿಗೂ 1.2 ಘನ ಮೀಟರ್ ಸೇರಿಸಬೇಕು. ಈ ಎರಡನೇ ಭಾಗ ಮರೆತೇ ಬಿಡುತ್ತಾರೆ. ನಿಮ್ಮದನ್ನೇ ನೋಡಿ. 2 × 1.8 × 2.3 ಅಂದರೆ 8.3. ಗಾಜಿನ ಬಾಗಿಲು 1.3 ಚದರ ಮೀಟರ್ ಇರಬಹುದು, ಅದಕ್ಕೆ 1.6. ಟೈಲ್ಸ್ ಗೋಡೆಗೆ 2.4. ಒಟ್ಟು 12ರ ಮೇಲೆ. 6 ಕಿಲೋವ್ಯಾಟಿನ ಒಲೆ ಸಾಮಾನ್ಯವಾಗಿ 5ರಿಂದ 8 ಘನ ಮೀಟರಿಗೆ. ನಿಮಗೆ 9 ಕಿಲೋವ್ಯಾಟ್ ಬೇಕು. ಚಿಕ್ಕ ಒಲೆ ಹಾಕಿದರೆ ಕರೆಂಟು ಉಳಿಯುವುದಿಲ್ಲ, ಗಂಟೆಗಟ್ಟಲೆ ಉರಿಯುತ್ತಲೇ ಇರುತ್ತದೆ. ಕಲ್ಲು ಸರಿಯಾಗಿ ಕಾಯದೆ ನೀರು ಹಾಕಿದರೆ ಚುಂಯ್ ಅನ್ನದೆ ಕೆಳಗೆ ಸೋರಿ ನೆಲಕ್ಕೆ ಬೀಳುತ್ತದೆ. ಆ ಸದ್ದೇ ಇಲ್ಲದ ಸೌನಾ ಯಾಕೆ ಬೇಕು?

9 ಕಿಲೋವ್ಯಾಟಿಗೆ ಮೂರು ಫೇಸ್, 16 ಆಂಪಿಯರಿನ ಮೂರು ಫ್ಯೂಸ್ ಬೇಕಾಗುತ್ತದೆ. ಹಳೇ ಒಲೆಗೆ ಎಳೆದ ತಂತಿ ತೆಳ್ಳಗಿರಬಹುದು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಜೋಡಿಸಬೇಕು, ಇಲ್ಲಿ ಅದು ಕಾನೂನು.

ಗೋಪುರದ ಹಾಗಿರುವ, ನೂರು ಕಿಲೋ ಹತ್ತಿರ ಕಲ್ಲು ಹಿಡಿಯುವ ಒಲೆಗಳು ಈಗ ಜಾಸ್ತಿ ಬಂದಿವೆ. ಆವಿ ಮೃದು, ನಿಜ. ಕಾಯಲು ಒಂದು ಗಂಟೆ ಹಿಡಿಯುತ್ತದೆ, ಎತ್ತರವೂ ಜಾಸ್ತಿ. ತಗ್ಗು ಕೋಣೆಗೆ ಗೋಡೆಗೆ ಹಾಕುವ ಗಿಡ್ಡ ಒಲೆಯೇ ಒಳ್ಳೆಯದು. ಯಾವುದೇ ಆಗಲಿ, ಕಲ್ಲನ್ನು ತೊಳೆದು, ಸಡಿಲವಾಗಿ ನಡುವೆ ಗಾಳಿ ಓಡುವ ಹಾಗೆ ಜೋಡಿಸಿ. ಒತ್ತಿ ತುಂಬಿದರೆ ಕಾಯಿಲ್ ಸುಟ್ಟುಹೋಗುತ್ತದೆ. ವರ್ಷಕ್ಕೊಮ್ಮೆ ಎಲ್ಲಾ ಹೊರಗೆ ತೆಗೆದು ಒಡೆದದ್ದನ್ನು ಬಿಸಾಡಿ. ನಾನು ಕ್ರಿಸ್‌ಮಸ್ ಸೌನಾಕ್ಕೆ ಮುಂಚಿನ ಭಾನುವಾರ ಆ ಕೆಲಸ ಮಾಡುತ್ತೇನೆ. ನೆಲಕ್ಕೆ ಹಳೇ ಪೇಪರು ಹಾಸಿ, ಒಂದೊಂದೇ ಕಲ್ಲನ್ನು ಇನ್ನೊಂದಕ್ಕೆ ತಟ್ಟಿ ಸದ್ದು ಕೇಳುತ್ತೇನೆ. ಗಟ್ಟಿ ಕಲ್ಲು ಟಣ್ ಅನ್ನುತ್ತದೆ, ಸತ್ತ ಕಲ್ಲು ಡಬ್ ಅನ್ನುತ್ತದೆ.

ಈಗ ನನ್ನ ತಪ್ಪಿನ ಕತೆ. ಮೊದಲ ಸಲ ಕೆಲಸ ಮಾಡಿದವರು ಹೊಸ ಗಾಳಿ ಬರುವ ಕಿಂಡಿಯ ಪಕ್ಕದಲ್ಲೇ ಒಲೆಯ ಸೆನ್ಸರು ಕೂರಿಸಿದ್ದರು. ತಣ್ಣನೆ ಗಾಳಿ ಸದಾ ಅದರ ಮೇಲೆ ಬೀಳುತ್ತಿತ್ತು. ಕೋಣೆ ಎಷ್ಟು ಕಾದರೂ ಒಲೆಗೆ ಇನ್ನೂ ತಣ್ಣಗಿದೆ ಅನಿಸುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ. ಒಂದು ರಾತ್ರಿ ಬಾಗಿಲು ತೆಗೆದರೆ ಮುಖಕ್ಕೆ ಬಿಸಿ ರಾಚಿತು, ಹಿಡಿ ಮುಟ್ಟಲಾಗಲಿಲ್ಲ. ಮಕ್ಕಳು ಒಳಗೆ ಹೋಗುವುದರಲ್ಲಿದ್ದರು. ಈಗಲೂ ನೆನೆಸಿಕೊಂಡರೆ ಎದೆ ನಡುಗುತ್ತದೆ. ದಯವಿಟ್ಟು ಒಲೆಯ ಜೊತೆ ಬರುವ ಪುಸ್ತಕದಲ್ಲಿ ಸೆನ್ಸರು, ಕಿಂಡಿ, ಮರ ಇವುಗಳ ದೂರ ಓದಿ, ಟೇಪು ಹಿಡಿದು ನೀವೇ ಅಳೆಯಿರಿ. ಯಂತ್ರದಿಂದ ಗಾಳಿ ಎಳೆಯುವ ಮನೆಯಾದರೆ ಹೊಸ ಗಾಳಿ ಒಲೆಯ ಮೇಲ್ಭಾಗದಿಂದ ಬರಲಿ, ಹಳೇ ಗಾಳಿ ಬೆಂಚಿನ ಕೆಳಗಿಂದ ಹೋಗಲಿ. ಗಾಳಿ ಸರಿಯಿಲ್ಲದ ಸೌನಾದಲ್ಲಿ ಹತ್ತು ನಿಮಿಷಕ್ಕೇ ತಲೆ ಭಾರವಾಗುತ್ತದೆ.

ಬೆಂಚಿಗೆ ಆಸ್ಪೆನ್ ಅಥವಾ ಆಲ್ಡರ್ ಮರ ಹಾಕಿಸಿ. ಅಂಟು ಒಸರುವುದಿಲ್ಲ, ಮೈ ಸುಡುವುದಿಲ್ಲ. ಗೋಡೆ, ಸೀಲಿಂಗಿನ ಹಲಗೆಯ ಹಿಂದೆ ಅಲ್ಯುಮಿನಿಯಂ ಫಾಯಿಲ್ ಹರಿಯದೆ ಇರಬೇಕು, ಕೀಲುಗಳಿಗೆ ಟೇಪು ಬೇಕು, ನಡುವೆ ಗಾಳಿಗೆ ಸಂದು ಬೇಕು. ಇಲ್ಲದಿದ್ದರೆ ತೇವ ಗೋಡೆಗೆ ಇಳಿಯುತ್ತದೆ.

ಎಣ್ಣೆಯ ಮಾತು: ಬೇಡ. ಎಣ್ಣೆ ಮರಕ್ಕೆ ಹಿಡಿದರೆ ಕಲೆ ಹೋಗುವುದಿಲ್ಲ, ಕಾದ ಕಲ್ಲಿಗೆ ಬಿದ್ದರೆ ಅಪಾಯ. ನಮ್ಮ ಮನೆಯಲ್ಲಿ ನರಕ ಚತುರ್ದಶಿಗೆ ಹೀಗೆ ಮಾಡುತ್ತೇವೆ. ಪಕ್ಕದ ಸ್ನಾನದ ಕೋಣೆಯಲ್ಲಿ ಎಣ್ಣೆ ಹಚ್ಚಿ ಅರ್ಧ ಗಂಟೆ ಕೂರುವುದು. ಸೌನಾದ ಬಾಗಿಲು ಸ್ವಲ್ಪ ತೆರೆದಿಟ್ಟರೆ ಬೆಚ್ಚಗಿರುತ್ತದೆ. ಸೀಗೆಪುಡಿ ಹಾಕಿ ಎಣ್ಣೆ ಪೂರ್ತಿ ತೆಗೆದು, ಆಮೇಲೆ ಒಳಗೆ ಹೋಗುವುದು. ಬೆಂಚಿನ ಮೇಲೆ ಲಿನನ್ ಬಟ್ಟೆ ಹಾಸಿ. ಅಮ್ಮನಿಗೆ ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಮೊದಲ ದಿನ ಕೆಳಗಿನ ಬೆಂಚಿನಲ್ಲಿ, 60 ಡಿಗ್ರಿಯಲ್ಲಿ, ಐದೇ ನಿಮಿಷ. ಒಂಟಿಯಾಗಿ ಬಿಡಬೇಡಿ.

ವಂತಾ_ಮೈಸೂರಿನವ

ನಾನು ಇನ್‌ಫ್ರಾರೆಡ್ ಹಾಕಿಸಿದವನು. ಬೆನ್ನುನೋವಿಗೆ ಹಿತವಾಗಿದೆ, ಮಾಮೂಲಿ ಪ್ಲಗ್ಗಿನಲ್ಲೇ ನಡೆಯುತ್ತದೆ, ಹದಿನೈದು ನಿಮಿಷದಲ್ಲಿ ತಯಾರು. ಒಬ್ಬನೇ ಕೂರುವವನಿಗೆ ಸಾಕು. ಆರೋಗ್ಯಕ್ಕೂ ಒಳ್ಳೆಯದು ಅಂತ ಅಧ್ಯಯನ ಇದೆಯಲ್ಲ?

ತಾಂಪೆರೆ_ಶಿರಸಿಯವಳು

ನಿಮ್ಮ ಬೆನ್ನಿಗೆ ಹಿತ ಅಂದರೆ ಸಂತೋಷ. ಆದರೆ ಎಲ್ಲರೂ ಹೇಳುವ ಆ ಅಧ್ಯಯನ 2015ರಲ್ಲಿ ಬಂದದ್ದು. ಕುವೋಪಿಯೋ ಕಡೆಯ 2,315 ನಡುವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ್ದರು. ವಾರಕ್ಕೆ 4ರಿಂದ 7 ಸಲ ಸೌನಾಕ್ಕೆ ಹೋಗುವವರಲ್ಲಿ ಹಠಾತ್ ಹೃದಯದ ಸಾವು ಕಡಿಮೆ ಕಂಡಿತು. ಸೌನಾವೇ ಅದಕ್ಕೆ ಕಾರಣ ಅಂತ ಅಷ್ಟರಿಂದಲೇ ಹೇಳಲಾಗದು. ಮತ್ತೆ, ಅವರೆಲ್ಲಾ ಕೂತದ್ದು ಇಲ್ಲಿನ ಬಿಸಿ ಸೌನಾದಲ್ಲಿ, 50 ಡಿಗ್ರಿಯ ಇನ್‌ಫ್ರಾರೆಡ್ ಪೆಟ್ಟಿಗೆಯಲ್ಲಲ್ಲ. ಅದನ್ನೇ ತೋರಿಸಿ ಪೆಟ್ಟಿಗೆ ಮಾರುವುದು ಸರಿಯಲ್ಲ. ಅದರಲ್ಲಿ ಕಲ್ಲೂ ಇಲ್ಲ, ಲೊಯ್ಲೂ ಇಲ್ಲ. ಸುಮಾರು 56 ಲಕ್ಷ ಜನರ ಈ ದೇಶದಲ್ಲಿ 30 ಲಕ್ಷದಷ್ಟು ಸೌನಾ ಇವೆ ಅನ್ನುತ್ತಾರೆ. 2020ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿದ್ದು ಈ ಸೌನಾ ಸಂಸ್ಕೃತಿ. ಇಬ್ಬರು ಮಕ್ಕಳಿರುವ ಮನೆಗೆ ಬೇಕಾದದ್ದೂ ಅದೇ, ಅಲ್ವಾ? ಮೇಲಿನ ಬೆಂಚಿನಲ್ಲಿ ಒತ್ತಿಕೊಂಡು ಕೂತು, ಕಲ್ಲಿಗೆ ನೀರು ಹಾಕುವ ಸೌಟು ಯಾರ ಕೈಗೆ ಅಂತ ಜಗಳ ಆಡುವುದು.

ಎಸ್ಪೋ_ಸಾಗರದವ

ಅಕ್ಕ, ನೀವು ಹೇಳಿದ ಹಾಗೆ ಶನಿವಾರ ಮೂಲೆಯ ಹಲಗೆ ಬಿಚ್ಚಿದೆ. ಟಾರ್ಚ್ ಬಿಟ್ಟರೆ ಮೇಲೆ ಖಾಲಿ! ನಿಜವಾದ ಮಾಡು 2.42ರಲ್ಲಿದೆ. ಪಟ್ಟಿ, ಫಾಯಿಲ್, ಹೊಸ ಹಲಗೆ ಎಲ್ಲಾ ಹೋಗಿ 2.3 ಸಿಗುತ್ತದೆ. ಹಳೇ ಫಾಯಿಲ್ ಎರಡು ಕಡೆ ಹರಿದಿತ್ತು, ಅದರ ಹಿಂದಿನ ಮರಕ್ಕೆ ಕೈ ಹಾಕಿದರೆ ತೇವ. ನೋಡದೆ ಬರೀ ಒಲೆ ಬದಲಿಸಿದ್ದರೆ ಗತಿ ಏನಾಗುತ್ತಿತ್ತೋ. ಈಗ ತೇವ ಅಳೆಯುವವರನ್ನು ಬರಲು ಹೇಳಿದ್ದೇನೆ.

ಅಂಗಳದ ಸೌದೆ ಸೌನಾ ಆಸೆ ಇನ್ನೂ ಇದೆ, ಆದರೆ ಪಕ್ಕದ ಮನೆಯ ಕಿಟಕಿ ತೀರಾ ಹತ್ತಿರ. ಕುವೋಪಿಯೋದವರು ಕರೆದರೆ ಅಲ್ಲಿಗೇ ಬರುತ್ತೇವೆ. ಇಲ್ಲಿ 9 ಕಿಲೋವ್ಯಾಟಿನ ಗೋಡೆ ಒಲೆ, ಆಸ್ಪೆನ್ ಬೆಂಚು. ಬಾಗಿಲು ಗಾಜಿನದೇ. ಲೆಕ್ಕದಲ್ಲಿ ಅದು ಸೇರಿದೆ ಅಂತ ತೋರಿಸಿದ ಮೇಲೆ ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಎಲೆಕ್ಟ್ರಿಷಿಯನ್ ಮುಂದಿನ ಗುರುವಾರ ಬಂದು ತಂತಿ ನೋಡುತ್ತಾರೆ.

ನಿನ್ನೆ ಅಮ್ಮನಿಗೆ ಫೋನಿನಲ್ಲಿ ಕೋಣೆ ತೋರಿಸಿದೆ. "ಹಂಡೆ ಎಲ್ಲಿ ಇಡ್ತೀಯೋ?" ಅಂತ ಕೇಳಿದರು. ಸೀಗೆಪುಡಿ ತರಲು ಹೇಳಿದ್ದೇನೆ.