ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ: ಮೂಳೆ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಗೆಳೆಯರೇ, ನಮ್ಮ ಚಿಕ್ಕಮಗಳೂರಿನ ಮೂಳೆ ಡಾಕ್ಟರ್ ಮೇಡಂ ಇವತ್ತು ರಾತ್ರಿ ಗುಂಪಿನಲ್ಲಿ ಇರುತ್ತಾರೆ. ರೇಸ್ ದಿನ ಟ್ರ್ಯಾಕ್ ಪಕ್ಕ ಆಂಬುಲೆನ್ಸ್ ಹತ್ತಿರ ಅವರನ್ನು ನೋಡಿರುತ್ತೀರಿ. ವಿಷಯ ಇಷ್ಟೇ. ಮೋಟೋಕ್ರಾಸ್‌ನಲ್ಲಿ, ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸಿನಲ್ಲಿ, ಇಂಜಿನ್ ಟೂ ಸ್ಟ್ರೋಕಾ ಫೋರ್ ಸ್ಟ್ರೋಕಾ ಅನ್ನೋದಕ್ಕೂ ರೈಡರ್‌ಗೆ ಆಗುವ ಪೆಟ್ಟಿಗೂ ಸಂಬಂಧ ಇದೆಯಾ? ಫಾರ್ವರ್ಡ್ ಹಾಕಬೇಡಿ.

ಮೂಡಿಗೆರೆ ಪ್ಲಾಂಟರ್: ನಮಸ್ಕಾರ ಮೇಡಂ. ಮಗನಿಗೆ 16 ವರ್ಷ, ತೂಕ 52 ಕೆ.ಜಿ. ಈಗ 125 ಸಿಸಿ ಟೂ ಸ್ಟ್ರೋಕ್ ಓಡಿಸುತ್ತಾನೆ. ಜೊತೆಯವರೆಲ್ಲ 250 ಫೋರ್ ಸ್ಟ್ರೋಕ್‌ಗೆ ಹೋದರು, ನನಗೂ ಕೊಡಿಸಿ ಅಂತಿದ್ದಾನೆ. ಅದರಲ್ಲಿ ಬಿದ್ದರೆ ಪೆಟ್ಟು ಜಾಸ್ತಿ ಅಂತ ಕೆಲವರು ಹೆದರಿಸುತ್ತಾರೆ. ಏನು ಮಾಡಲಿ? ಇನ್ನೊಂದು ಮಾತು. ಮೂರು ವಾರದ ಹಿಂದೆ ಬಿದ್ದಾಗ ಎಡಗೈ ಊರಿದ್ದ. ಅವತ್ತೇ ಎಕ್ಸ್‌ರೇ ತೆಗೆಸಿದೆವು. ಏನೂ ಇಲ್ಲ, ಉಳುಕು ಅಂದರು. ಎಣ್ಣೆ ತಿಕ್ಕಿ ಕಟ್ಟುತ್ತಿದ್ದೇವೆ. ಕ್ಲಚ್ ಹಿಡಿದಾಗ ಮಾತ್ರ ನೋವು ಅಂತಾನೆ.

ಡಾಕ್ಟರ್: ಸರ್, ಬೈಕ್ ಆಮೇಲೆ. ಮಗ ಪಕ್ಕದಲ್ಲಿದ್ದಾನಾ? ಎಡಗೈ ಹೆಬ್ಬೆರಳನ್ನು ಹಿಂದಕ್ಕೆ ಸೆಟೆಸಲು ಹೇಳಿ. ಬುಡದಲ್ಲಿ ಎರಡು ಹುರಿ ಎದ್ದು ನಡುವೆ ಒಂದು ಗುಳಿ ಬೀಳುತ್ತದೆ. ಆ ಗುಳಿಯನ್ನು ಬೆರಳ ತುದಿಯಿಂದ ಒತ್ತಿ ನೋಡಿ.

ಮೂಡಿಗೆರೆ ಪ್ಲಾಂಟರ್: ಒತ್ತಿದೆ ಮೇಡಂ. ಚೀರಿ ಕೈ ಎಳೆದುಕೊಂಡ. ಬಲಗೈಯಲ್ಲಿ ಏನೂ ಇಲ್ಲ.

ಡಾಕ್ಟರ್: ಹಾಗಾದರೆ ಎಣ್ಣೆ ತಿಕ್ಕುವುದನ್ನು ಈ ಕ್ಷಣವೇ ನಿಲ್ಲಿಸಿ. ಆ ಗುಳಿಯ ತಳದಲ್ಲಿ ಸ್ಕೇಫಾಯ್ಡ್ ಅಂತ ಗೋಡಂಬಿಯಷ್ಟು ಚಿಕ್ಕ ಮೂಳೆ ಇದೆ. ಅಂಗೈ ಊರಿ ಬಿದ್ದವರಿಗೆ ಮಣಿಕಟ್ಟಿನ ಚಿಕ್ಕ ಮೂಳೆಗಳಲ್ಲಿ ಸಾಮಾನ್ಯವಾಗಿ ಮುರಿಯುವುದು ಇದೇ. ಮೊದಲ ದಿನದ ಎಕ್ಸ್‌ರೇಯಲ್ಲಿ ಇದರ ಬಿರುಕು ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಗುಳಿಯಲ್ಲಿ ನೋವಿದ್ದರೆ ಎಕ್ಸ್‌ರೇ ಚೆನ್ನಾಗಿದ್ದರೂ ಕೈಗೆ ಪಟ್ಟಿ ಹಾಕಿ, 10ರಿಂದ 14 ದಿನ ಬಿಟ್ಟು ಮತ್ತೆ ತೆಗೆಯುತ್ತೇವೆ. ಅಥವಾ ಎಂಆರ್‌ಐ ಮಾಡಿಸುತ್ತೇವೆ.

ನನಗೆ ಭಯ ಯಾಕೆ ಅಂದರೆ, ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಹೊಕ್ಕು ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ತಪ್ಪಬಹುದು. ಆ ತುಂಡು ಸತ್ತರೆ ಮೂಳೆ ಕೂಡುವುದಿಲ್ಲ. ಕೆಲವು ವರ್ಷದಲ್ಲಿ ಮಣಿಕಟ್ಟಿನ ಕೀಲೇ ಸವೆಯುತ್ತದೆ. ಆಮೇಲೆ ಕ್ಲಚ್ ಹಾಗಿರಲಿ, ಒಂದು ಕೊಡ ನೀರು ಎತ್ತಲೂ ಕಷ್ಟ. ನಾಳೆ ಬೆಳಿಗ್ಗೆ ಕರೆತನ್ನಿ. ಹಳೇ ಫಿಲ್ಮ್ ತನ್ನಿ. ಅಲ್ಲಿವರೆಗೆ ಬೈಕ್ ಮುಟ್ಟಬಾರದು.

ಕಡೂರು ರೈಡರ್: ಮೇಡಂ, ಫೋರ್ ಸ್ಟ್ರೋಕ್ ಡೇಂಜರ್ ಹೌದಾ ಅಲ್ವಾ? ಒಂದೇ ಮಾತಲ್ಲಿ ಹೇಳಿ.

ಡಾಕ್ಟರ್: ಒಂದೇ ಮಾತಲ್ಲಿ ಆಗುವುದಿಲ್ಲ. ಬರೆಯುತ್ತಿದ್ದೇನೆ.

ಆಲ್ದೂರು ಗ್ಯಾರೇಜ್: ಅಷ್ಟರಲ್ಲಿ ನಾನು ಹೇಳ್ತೀನಿ. ಟೂ ಸ್ಟ್ರೋಕ್ ಹಗುರ. ಬಿದ್ದರೂ ಮೈಮೇಲೆ ಬೀಳುವ ಭಾರ ಕಡಿಮೆ. ಹಳೇ ಟೂ ಸ್ಟ್ರೋಕ್ ಆರ್‌ಎಕ್ಸ್ 100 ಕಾಲದಲ್ಲಿ ಈ ಪಾಟಿ ಮೂಳೆ ಮುರಿಯುತ್ತಿತ್ತಾ?

ಸಕಲೇಶಪುರ 450: ಅಣ್ಣಾ, ಆರ್‌ಎಕ್ಸ್ 100 ರೋಡ್ ಬೈಕು. 98 ಸಿಸಿ. ಅದನ್ನು ತಂದು ಮೋಟೋಕ್ರಾಸ್‌ಗೆ ಹೋಲಿಸ್ತೀರಲ್ಲ ಮಾರಾಯ್ರೇ.

ಆಲ್ದೂರು ಗ್ಯಾರೇಜ್: ನಾನು ಇಂಜಿನ್ ಬಿಚ್ಚಿ ಜೋಡಿಸಿ ಬೆಳೆದವನು. ನನಗೆ ಹೇಳಿಕೊಡಬೇಡ.

ಡಾಕ್ಟರ್: ಸಂಬಂಧ ಇದೆ. ಆದರೆ ನೀವು ಹುಡುಕುತ್ತಿರುವ ಕಡೆ ಅಲ್ಲ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಳ್ಳಿ ತಿರುಗಿಸುವ ದಂಡ) ಒಂದು ಸುತ್ತು ಸುತ್ತಿದರೆ ಒಂದು ಸಲ ಸ್ಫೋಟ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು. ಅದೇ ಸಿಸಿಯಲ್ಲಿ ಫೋರ್ ಸ್ಟ್ರೋಕ್ ಹಿಂದೆ ಬೀಳುತ್ತದೆ ಅಂತ ರೇಸ್ ನಿಯಮದಲ್ಲೇ ಅದಕ್ಕೆ ದೊಡ್ಡ ಇಂಜಿನ್ ಬಿಟ್ಟರು. 1998ರಲ್ಲಿ ಯಮಹಾದ ಫೋರ್ ಸ್ಟ್ರೋಕ್ ಬೈಕ್ ವೈಜೆಡ್ 400 ಎಫ್ ಮಾರುಕಟ್ಟೆಗೆ ಬಂತು. 250 ಟೂ ಸ್ಟ್ರೋಕ್‌ಗಳ ಜೊತೆ ಓಡಿ ಅದೇ ವರ್ಷ ಅಮೆರಿಕದ ಚಾಂಪಿಯನ್‌ಶಿಪ್ ಗೆದ್ದಿತು. ಆಮೇಲೆ 125ರ ಎದುರು 250 ಫೋರ್ ಸ್ಟ್ರೋಕ್ ಬಂತು. ಅಂದರೆ ನಿಮ್ಮ ಹುಡುಗ ಕ್ಲಾಸ್ ಬದಲಿಸದೆ ಎರಡರಷ್ಟು ಸಿಸಿಗೆ ಹೋಗುತ್ತಾನೆ.

ತೂಕ ನೋಡಿ. 125 ಟೂ ಸ್ಟ್ರೋಕ್ ಸುಮಾರು 95 ಕೆ.ಜಿ. 250 ಫೋರ್ ಸ್ಟ್ರೋಕ್ 105ರ ಆಸುಪಾಸು. 52 ಕೆ.ಜಿ. ಹುಡುಗನಿಗೆ ಆ ಹತ್ತು ಕೆ.ಜಿ. ದೊಡ್ಡದು. ಆದರೆ ಅದಕ್ಕಿಂತ ದೊಡ್ಡದು ವೇಗ. ಫೋರ್ ಸ್ಟ್ರೋಕ್ ಕೆಳಗಿನ ಆರ್‌ಪಿಎಂನಲ್ಲೇ, ಅಂದರೆ ಇಂಜಿನ್ ನಿಧಾನ ಸುತ್ತುವಾಗಲೇ, ಎಳೆಯುತ್ತದೆ. ತಿರುವು ದಾಟಿದ ತಕ್ಷಣ ಇರುವ ಜಂಪನ್ನೂ ಹಾರಬಹುದು. 125ರಲ್ಲಿ ಅದನ್ನು ಹಾರಲು ಕ್ಲಚ್, ಗೇರ್ ಎಲ್ಲ ಸರಿಯಾಗಿ ಕೂಡಿಬರಬೇಕು. ಇಲ್ಲದಿದ್ದರೆ ಹುಡುಗ ತಾನಾಗಿ ಹಾರುವುದಿಲ್ಲ. ಫೋರ್ ಸ್ಟ್ರೋಕ್ ಆ ತಡೆ ತೆಗೆದುಬಿಡುತ್ತದೆ. ಕೌಶಲಕ್ಕಿಂತ ಮೊದಲು ಎತ್ತರ ಬರುತ್ತದೆ. ಗಂಟೆಗೆ 40 ಕಿ.ಮೀ. ವೇಗ 50 ಆದರೆ ಮೈ ಹೊತ್ತು ಬರುವ ಶಕ್ತಿ ಒಂದೂವರೆ ಪಟ್ಟು ದಾಟುತ್ತದೆ. ಮೂಳೆಗೆ ಇಂಜಿನ್ ಹೆಸರು ಗೊತ್ತಿಲ್ಲ, ಆ ಶಕ್ತಿ ಮಾತ್ರ ಗೊತ್ತು.

ಟೂ ಸ್ಟ್ರೋಕ್ ಸಾಧು ಅಂತಲೂ ತಿಳಿಯಬೇಡಿ. ಪವರ್ ಒಂದೇ ಸಲ ಒದೆಯುತ್ತದೆ, ಮುಂದಿನ ಚಕ್ರ ಎದ್ದುಬಿಡುತ್ತದೆ. ಥ್ರಾಟಲ್ ಬಿಟ್ಟರೂ ಇಂಜಿನ್ ವೇಗ ತಡೆಯುವುದು ಕಡಿಮೆ, ಇಳಿಜಾರಿನಲ್ಲಿ ಜಾರಿಕೊಂಡು ಹೋಗುತ್ತದೆ. ಪೆಟ್ರೋಲಿಗೆ ಆಯಿಲ್ ಕಡಿಮೆ ಬೆರೆಸಿ ಪಿಸ್ಟನ್ ಸೀಜ್ ಆದರೆ, ಅಂದರೆ ಒಳಗೇ ಕಚ್ಚಿಕೊಂಡರೆ, ಹಿಂದಿನ ಚಕ್ರ ಲಾಕ್. ಬೀಳುವ ರೀತಿ ಬೇರೆ, ಅಷ್ಟೇ.

ಪ್ಲಾಂಟರ್ ಸರ್, ಕೈ ಗುಣವಾದ ಮೇಲೂ ಇನ್ನೊಂದು ಸೀಸನ್ 125ರಲ್ಲೇ ಇರಲಿ. ಬದಲಿಸಲೇಬೇಕಾದರೆ ಮೊದಲು ಸಸ್ಪೆನ್ಷನ್ ಸ್ಪ್ರಿಂಗ್‌ಗಳನ್ನು ಅವನ ತೂಕಕ್ಕೆ ಹಾಕಿಸಿ. ಗಟ್ಟಿ ಸ್ಪ್ರಿಂಗ್‌ನಲ್ಲಿ ಹಗುರ ಹುಡುಗ ಇಳಿದರೆ ಹೊಡೆತ ನೇರ ಮಣಿಕಟ್ಟಿಗೆ, ಬೆನ್ನಿಗೆ.

ಸಕಲೇಶಪುರ 450: ಕೇಳಿದ್ರಾ ಗ್ಯಾರೇಜ್ ಅಣ್ಣಾ? ಸೀಜ್ ಆದ್ರೆ ಲಾಕ್.

ಆಲ್ದೂರು ಗ್ಯಾರೇಜ್: ಆಯಿಲ್ ಹಾಕೋಕೆ ಬಾರದವನು ಬೈಕ್ ಯಾಕೆ ಹತ್ತಬೇಕು? ನಮ್ಮ ಬೆಂಗಳೂರಿನ ರೇಸರ್ ಸಿ.ಎಸ್. ಸಂತೋಷ್ 2021ರ ಡಾಕರ್‌ನಲ್ಲಿ ಅಷ್ಟು ಕೆಟ್ಟದಾಗಿ ಬಿದ್ದಿದ್ದು ಫೋರ್ ಸ್ಟ್ರೋಕ್‌ನಲ್ಲೇ.

ಸಕಲೇಶಪುರ 450: ಡಾಕರ್ ಅಂದ್ರೆ ಮರಳುಗಾಡಲ್ಲಿ ದಿನಗಟ್ಟಲೆ ಓಡೋ ರ್‍ಯಾಲಿ, ಮೋಟೋಕ್ರಾಸ್ ಅಲ್ಲ. ಅಲ್ಲಿ ಮುಂದೆ ಓಡುವವರೆಲ್ಲ 450 ಫೋರ್ ಸ್ಟ್ರೋಕ್. ಹೋಲಿಸೋಕೆ ಟೂ ಸ್ಟ್ರೋಕ್ ಎಲ್ಲಿದೆ? ಸುಮ್ನೆ ಅವರ ಹೆಸರು ಎಳೀಬೇಡಿ.

ಡಾಕ್ಟರ್: ಇದು ಸರಿ. ಆಸ್ಪತ್ರೆಗೆ ಬಂದವರ ತಲೆ ಎಣಿಸಿದರೂ ಇದೇ ತಪ್ಪು. ಟ್ರ್ಯಾಕಿನಲ್ಲಿ ಫೋರ್ ಸ್ಟ್ರೋಕ್ ಹೆಚ್ಚಿದ್ದರೆ ಬೀಳುವವರೂ ಅವರೇ ಹೆಚ್ಚು. ಯಾರು ಎಷ್ಟು ಗಂಟೆ ಓಡಿಸಿದರು, ಯಾವ ಕ್ಲಾಸು, ಎಷ್ಟು ದೊಡ್ಡ ಜಂಪು ಅಂತ ಸೇರಿಸಿ ನೋಡಬೇಕು.

ಬೇಲೂರು ರೋಡ್: ಎಲ್ಲರಿಗೂ ಉಪಯುಕ್ತ ಮಾಹಿತಿ, ಬಂದಿದ್ದನ್ನು ಹಾಕಿದ್ದೇನೆ. ರೈಡರ್ ಬಿದ್ದ ಕೂಡಲೇ ಹೆಲ್ಮೆಟ್ ಕಳಚಿ, ಎಬ್ಬಿಸಿ ಕೂರಿಸಿ, ತಣ್ಣೀರು ಕುಡಿಸಿ. ಮುರಿದ ಮೂಳೆಗೆ ಸಂದುಬಳ್ಳಿ ಅರೆದು ಮೊಟ್ಟೆ ಬಿಳಿಯಲ್ಲಿ ಕಟ್ಟಿದರೆ ಏಳೇ ದಿನ. ಆಪರೇಷನ್ ಬೇಡ.

ಡಾಕ್ಟರ್: ಇದನ್ನು ಅಳಿಸಿ. ಈಗಲೇ. ಕುತ್ತಿಗೆ ಮೂಳೆ ಮುರಿದವನನ್ನು ಎಬ್ಬಿಸಿ ಕೂರಿಸಿದರೆ ಜೀವನಪೂರ್ತಿ ಕೈಕಾಲು ಹೋಗಬಹುದು. ಉಸಿರಾಡುತ್ತಿದ್ದರೆ ಹೆಲ್ಮೆಟ್ ಮುಟ್ಟಬೇಡಿ. ಗಾಗಲ್ಸ್ ತೆಗೆಯಿರಿ, ತಲೆ ಅಲುಗದಂತೆ ಎರಡೂ ಕಡೆ ಹಿಡಿಯಿರಿ. ಉಸಿರಿಗೆ ತೊಂದರೆ ಇದ್ದರೆ ಮಾತ್ರ, ಇಬ್ಬರು ಸೇರಿ, ಒಬ್ಬರು ಕುತ್ತಿಗೆ ಹಿಡಿದು ಇನ್ನೊಬ್ಬರು ಕಳಚಬೇಕು. ಎಷ್ಟೋ ಮೋಟೋಕ್ರಾಸ್ ಹೆಲ್ಮೆಟ್‌ಗಳಲ್ಲಿ ಕೆಳಗೆ ಕೆಂಪು ಪಟ್ಟಿ ಇರುತ್ತದೆ. ಎಳೆದರೆ ಕೆನ್ನೆಯ ಪ್ಯಾಡ್ ಹೊರಬರುತ್ತದೆ, ಹೆಲ್ಮೆಟ್ ಸಲೀಸಾಗಿ ಬಿಡುತ್ತದೆ. ಬಾಯಿಗೆ ನೀರು ಬೇಡ. ಸಂದುಬಳ್ಳಿ ಚಟ್ನಿ ಮಾಡಿ ತಿನ್ನಿ, ನನ್ನ ತಕರಾರಿಲ್ಲ. ಮುರಿದ ಮೂಳೆಯ ಮೇಲೆ ಬಿಗಿದು ಕಟ್ಟಬೇಡಿ.

ಬೇಲೂರು ರೋಡ್: ನಮ್ಮ ಅಜ್ಜ ಇದೇ ಔಷಧಿಯಲ್ಲಿ ಗುಣ ಆದರು ಮೇಡಂ. ಹಿರಿಯರೆಲ್ಲ ದಡ್ಡರಾ?

ಡಾಕ್ಟರ್: ಹಿರಿಯರ ಬಗ್ಗೆ ನಾನು ಮಾತಾಡಿಲ್ಲ. ಬಿಗಿ ಕಟ್ಟು ಹಾಕಿಸಿಕೊಂಡು ಬೆರಳು ಕಪ್ಪಾಗಿ ಬರುವ ಮಕ್ಕಳನ್ನು ನೋಡುವವಳು ನಾನು. ಅಳಿಸಿದಿರಾ?

ಕೊಪ್ಪ ಹುಡುಗ: ಮೇಡಂ, ಕುತ್ತಿಗೆಗೆ ಹಾಕೋ ನೆಕ್ ಬ್ರೇಸ್ ತಗೊಳ್ಳೋದು ಒಳ್ಳೇದಾ?

ಕಡೂರು ರೈಡರ್: ಹಾಗಾದ್ರೆ ಫೋರ್ ಸ್ಟ್ರೋಕ್ ಡೇಂಜರ್ ಅಂತಲೇ ಅರ್ಥ ಅಲ್ವಾ?

ಡಾಕ್ಟರ್: ಮೇಲೆ ಓದಿ.

ಜಾವಗಲ್ ಜಂಪ್: ಹೋದ ತಿಂಗಳು ಕಾಲರ್ ಬೋನ್‌ಗೆ ಪ್ಲೇಟ್ ಹಾಕಿದ್ದಾರೆ. ನೋವಿಲ್ಲ. ಮುಂದಿನ ರೇಸ್‌ಗೆ ಇಳೀಬಹುದಾ?

ಡಾಕ್ಟರ್: ಇಲ್ಲ. ನೋವು ಹೋಗುವುದು ಬೇರೆ, ಮೂಳೆ ಕೂಡುವುದು ಬೇರೆ. ಎಕ್ಸ್‌ರೇ ನೋಡಿ ನಿಮ್ಮ ಸರ್ಜನ್ ಹೇಳಲಿ.

ಹಾಸನ ಅಮ್ಮ: ಮೇಡಂ, ಎಲೆಕ್ಟ್ರಿಕ್ ಬೈಕಾದರೆ ಮಕ್ಕಳಿಗೆ ಕ್ಷೇಮವಾ?

ಕಡೂರು ರೈಡರ್: ಮೇಡಂ, 250ನಾ 450ನಾ?

ಡಾಕ್ಟರ್: ನಿಮ್ಮ ತೂಕ, ವಯಸ್ಸು, ಎಷ್ಟು ವರ್ಷದ ಅನುಭವ ಏನೂ ಬರೆದಿಲ್ಲ. ಮೂರನೇ ಸಲ ಕೇಳುತ್ತಿದ್ದೀರಿ.

ಆಲ್ದೂರು ಗ್ಯಾರೇಜ್: ಸಕಲೇಶಪುರದವರು 450 ತಗೊಂಡು ಓಡಿಸಿದ್ದು ಎಷ್ಟು ದಿನ ಅಂತ ಕೇಳಿ ಮೇಡಂ. ಶೆಡ್‌ನಲ್ಲೇ ಇದೆ.

ಸಕಲೇಶಪುರ 450: ನಿಮ್ಮ ಗ್ಯಾರೇಜಲ್ಲಿ ಕೊಟ್ಟಿದ್ದಕ್ಕೇ ಶೆಡ್ ಸೇರಿದ್ದು. ಬಾಯಿ ಬಿಡಿಸಬೇಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮೆಸೇಜ್ ಬಂದರೆ ಗುಂಪಿನಿಂದ ತೆಗೆಯುತ್ತೇನೆ.

ಮೂಡಿಗೆರೆ ಪ್ಲಾಂಟರ್: ಮೇಡಂ, ಭಾನುವಾರ ಪ್ರಾಕ್ಟೀಸ್‌ಗೆ ದುಡ್ಡು ಕಟ್ಟಿಯಾಗಿದೆ. ಅದೊಂದು ಮುಗಿಸಿ ಸೋಮವಾರ ಬರಬಹುದಾ?

ಡಾಕ್ಟರ್: ಬೇಡ ಸರ್. ನಾಳೆ, 9ಕ್ಕೆ. ನಾನು ಹೊರಡುತ್ತೇನೆ. ಬೇಲೂರು ರೋಡ್ ಅವರ ಮೆಸೇಜ್ ಇನ್ನೂ ಇದೆ. ಅಡ್ಮಿನ್, ನೀವೇ ತೆಗೆಯಿರಿ.

ಕೊಪ್ಪ ಹುಡುಗ: ನೆಕ್ ಬ್ರೇಸ್ ಬಗ್ಗೆ ಯಾರಾದ್ರೂ ಹೇಳ್ತೀರಾ?