ಪಾತ್ರ ಹಾಗೇಕೆ ಮಾಡಿತು? ಕಥೆ ಬರೆಯುವವರ ಪ್ರಶ್ನೋತ್ತರ

ಪ್ರಶ್ನೆ: ನನ್ನ ಕಥೆಯ ಶಾರದೆ ಅಪ್ಪನ ಅಡಿಕೆ ತೋಟ ಮಾರುವ ಪತ್ರಕ್ಕೆ ಸಹಿ ಹಾಕುವುದಿಲ್ಲ. ಅವಳಿಗೆ ಹಣದ ಅಗತ್ಯವಿದೆ, ತೋಟದ ಮೇಲೆ ಅಂಥ ವ್ಯಾಮೋಹವೂ ಇಲ್ಲ. ಹಬ್ಬಕ್ಕೂ ಬಾರದ ಅಣ್ಣಂದಿರು ಮನೆಗೇ ಬಂದು ಕೇಳಿದರೂ ಒಪ್ಪುವುದಿಲ್ಲ. ಓದಿದವರೆಲ್ಲ ‘ಯಾಕೆ?’ ಎನ್ನುತ್ತಾರೆ. ಅವಳ ಬಾಲ್ಯದ ಬಗ್ಗೆ ಪುಟಗಟ್ಟಲೆ ಬರೆದು ಸೇರಿಸಿದರೂ ಅದೇ ಪ್ರಶ್ನೆ. ಏನಾದರೂ ಅಭ್ಯಾಸ ಹೇಳುತ್ತೀರಾ?

ಉತ್ತರ (ಕಥಾ ಕಮ್ಮಟಗಳಲ್ಲಿ ಕಲಿಸುವವರು): ಬಾಲ್ಯವನ್ನು ಸದ್ಯಕ್ಕೆ ಬದಿಗಿಡಿ. ರಷ್ಯಾದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ನಟರನ್ನು ಪ್ರತಿ ದೃಶ್ಯಕ್ಕೂ ಒಂದು ಪ್ರಶ್ನೆಗೆ ತಂದು ನಿಲ್ಲಿಸುತ್ತಿದ್ದರು: ಈ ಪಾತ್ರಕ್ಕೆ ಇಲ್ಲಿ, ಈಗ ಏನು ಬೇಕು? ಉತ್ತರ ಕ್ರಿಯಾಪದದಲ್ಲಿರಬೇಕು. ‘ಶಾರದೆಗೆ ಬೇಸರವಾಗಿದೆ’ ಎಂದರೆ ಬರೆಯುವವರಿಗೆ ಏನೂ ಸಿಗುವುದಿಲ್ಲ.

ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಅದಕ್ಕಾಗಿಯೇ ಅಣ್ಣಂದಿರು ಬಂದಿದ್ದಾರೆ. ಸಹಿ ಬಿದ್ದ ಮೇಲೆ ಮತ್ತೆ ಬರುತ್ತಾರೆಯೇ? ನಿಮ್ಮ ಶಾರದೆ ಅವರನ್ನು ಇನ್ನೊಮ್ಮೆ ಬರಮಾಡಿಕೊಳ್ಳಲು ಹೊರಟಿದ್ದಾಳೆ ಎಂದು ನನಗನ್ನಿಸುತ್ತದೆ. ಈಗ ಆ ದೃಶ್ಯವನ್ನು ಒಂದೇ ಪುಟದಲ್ಲಿ ಬರೆಯಿರಿ. ‘ಏಕೆಂದರೆ’ ಎಂಬ ಪದ ಬರಕೂಡದು, ಅವಳ ಆಸೆ ಅವಳ ಬಾಯಿಂದ ಹೊರಡಕೂಡದು. ಹೀಗೆ:

‘ಪೆನ್ನು ಅಲ್ಲೇ ಇರಲಿ ಅಣ್ಣ. ಊಟ ಮಾಡಿಕೊಂಡು ಹೋಗು.’
‘ಇನ್ನೊಂದು ದಿನ ಮಾಡೋಣ. ಮೊದಲು ಸಹಿ ಹಾಕು.’
‘ಹಾಗಾದರೆ ಸಹಿಯೂ ಇನ್ನೊಂದು ದಿನ.’

ಓದುಗರು ಇನ್ನು ‘ಯಾಕೆ’ ಎಂದು ಕೇಳಲಾರರು.

ಇನ್ನೊಬ್ಬರ ಪ್ರಶ್ನೆ: ನನ್ನ ತೊಂದರೆಯೇ ಬೇರೆ. ನನ್ನ ಕಾದಂಬರಿಯ ಸಾಹುಕಾರ ಬರಿಯ ದುಷ್ಟನಾಗಿಬಿಟ್ಟಿದ್ದಾನೆ.

ಉತ್ತರ: ಅವನಿಗಿಂತ ಮೊದಲು ಕರ್ಣನನ್ನು ಬರೆದು ನೋಡಿ. ಉದ್ಯೋಗಪರ್ವದಲ್ಲಿ ಕೃಷ್ಣ ಅವನಿಗೆ ಜನ್ಮರಹಸ್ಯ ಹೇಳಿ, ರಾಜ್ಯವೇ ನಿನ್ನದು ಎನ್ನುತ್ತಾನೆ. ಕರ್ಣ ಒಲ್ಲೆ ಎನ್ನುತ್ತಾನೆ. ಸಾಕಿದ ರಾಧೆ ಮತ್ತು ಅಧಿರಥರ ಪ್ರೀತಿ, ದುರ್ಯೋಧನನ ಋಣ, ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. ವಿಷಯವನ್ನು ಯುಧಿಷ್ಠಿರನಿಗೆ ತಿಳಿಸಬೇಡ ಎಂದೂ ಕೇಳಿಕೊಳ್ಳುತ್ತಾನೆ. ಈ ಕೊನೆಯ ಮಾತು ನನ್ನನ್ನು ಬಹಳ ಕಾಡಿದೆ. ನಿರಾಕರಿಸುವವನಿಗೆ ಈ ಎಚ್ಚರಿಕೆ ಏಕೆ ಬೇಕಿತ್ತು? ಗೊತ್ತಾದರೆ ಯುಧಿಷ್ಠಿರ ರಾಜ್ಯ ಬಿಟ್ಟುಕೊಡುತ್ತಾನೆ, ತಾನು ಅದನ್ನು ದುರ್ಯೋಧನನಿಗೇ ಒಪ್ಪಿಸಬೇಕಾಗುತ್ತದೆ ಎಂದು ಕರ್ಣನಿಗೆ ಗೊತ್ತು. ಯಾರು ಗೆಲ್ಲಬೇಕೆಂಬ ಅವನ ಮನಸ್ಸಿನ ಮಾತು ಅಲ್ಲಿ ಇಣುಕುತ್ತದೆ.

ಅದೇ ನಿರಾಕರಣೆಯನ್ನು ಅವನು ರಾಧೆಗೆ ವಿವರಿಸುವಂತೆ ಒಂದು ಪುಟ, ದುರ್ಯೋಧನನಿಗೆ ವಿವರಿಸುವಂತೆ ಇನ್ನೊಂದು ಪುಟ ಬರೆಯಿರಿ. ಒಬ್ಬರಿಗೆ ಹೇಳಿ ಮತ್ತೊಬ್ಬರಿಂದ ಮುಚ್ಚಿಟ್ಟದ್ದಕ್ಕೆ ಗೆರೆ ಎಳೆಯಿರಿ.

ಆಮೇಲೆ ಸಾಹುಕಾರನ ಸರದಿ. ಅವನು ಯಾರ ಮೆಚ್ಚುಗೆಗೆ ಹಂಬಲಿಸುತ್ತಾನೆ? ಮಗಳೋ, ಹಳೆಯ ಮೇಷ್ಟರೋ? ಬಡವನ ಎತ್ತು ಹೊಡೆದುಕೊಂಡು ಬಂದ ಸಂಜೆ ಅವರೆದುರು ಅವನನ್ನು ಕೂರಿಸಿ, ಸಮಜಾಯಿಷಿ ಹೇಳಲು ಬಿಡಿ. ನೀವು ನಡುವೆ ಬಾಯಿ ಹಾಕಬೇಡಿ. ಬರೆದದ್ದನ್ನು ಇಲ್ಲಿ ಹಾಕಿ, ಓದುತ್ತೇನೆ.